ಎರಡನೇ ಜಾಯ್‌ಸ್ಟಿಕ್: ಹದಿಹರೆಯದವರಿಗೆ ವಿಡಿಯೋ ಗೇಮ್ ಹೆದರಿಕೆ ಕಥೆ ಬರೆಯಲು ಸಮಗ್ರ ಮಾರ್ಗದರ್ಶಿ

ಅಣ್ಣನೋ ಅಕ್ಕನೋ ಇದ್ದ ಮನೆಯಲ್ಲಿ ಬೆಳೆದವರಿಗೆ ಈ ಮೋಸ ಗೊತ್ತಿರುತ್ತದೆ. ಟಿವಿಗೆ ವಿಡಿಯೋ ಗೇಮ್ ಪೆಟ್ಟಿಗೆ ಸಿಕ್ಕಿಸಿ ದೊಡ್ಡವರು ಆಡುತ್ತಿರುತ್ತಾರೆ. ಚಿಕ್ಕವರು ‘ನಂಗೂ ಕೊಡು’ ಅಂತ ಹಟ ಮಾಡುತ್ತಾರೆ. ಆಗ ಎರಡನೇ ಜಾಯ್‌ಸ್ಟಿಕ್ ಕೈಗೆ ಬರುತ್ತದೆ. ಆದರೆ ಅದರ ವೈರ್ ಪೆಟ್ಟಿಗೆಗೆ ಸಿಕ್ಕಿಸಿರುವುದಿಲ್ಲ. ಪರದೆಯ ಮೇಲೆ ಓಡುತ್ತಿರುವುದು ತಾನೇ ಅಂದುಕೊಂಡು ಚಿಕ್ಕವರು ಖುಷಿಯಿಂದ ಗುಂಡಿ ಒತ್ತುತ್ತಾ ಕೂರುತ್ತಾರೆ. ನಮ್ಮ ಮನೆಯಲ್ಲಿ ಆ ಚಿಕ್ಕವನು ನಾನು. ಎಂಟನೇ ವರ್ಷದಲ್ಲಿ ವೈರ್ ಕಣ್ಣಿಗೆ ಬಿತ್ತು. ಆವತ್ತಿನ ಸಂಕಟ ಇವತ್ತಿಗೂ ನೆನಪಿದೆ.

ಈಗ ಒಂದೇ ಒಂದು ಬದಲಾವಣೆ ಮಾಡಿ ನೋಡಿ. ಅಕ್ಕ ತಮ್ಮನ ಕೈಗೆ ವೈರ್ ಸಿಕ್ಕಿಸದ ಜಾಯ್‌ಸ್ಟಿಕ್ ಕೊಟ್ಟಿದ್ದಾಳೆ. ಪರದೆಯ ಮೇಲೆ ಎರಡನೇ ಗೊಂಬೆ ನಡೆಯಲು ಶುರು ಮಾಡುತ್ತದೆ.

ಮೈ ಜುಮ್ ಅನ್ನುತ್ತೆ, ಅಲ್ವಾ? ಈ ಒಂದು ಕಿಡಿಯನ್ನು ಹಿಡಿದು, 13ರಿಂದ 18 ವರ್ಷದ ಓದುಗರಿಗೆ ಪೂರ್ತಿ ಕಥೆ ಬರೆಯುವುದು ಹೇಗೆ ಅಂತ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ಇದೇ ಕಥೆಯನ್ನು ಉದಾಹರಣೆಯಾಗಿ ಕೊನೆಯವರೆಗೂ ಕಟ್ಟುತ್ತಾ ಹೋಗೋಣ.

ಶುರುವಿಗೆ ಮೊದಲು ಒಂದು ಮಾತು. ಮಾಮೂಲಿ ದೆವ್ವದ ಕಥೆಯಲ್ಲಿ ಹುಡುಗಿ ಹುಣಸೆಮರದ ಕೆಳಗೆ ಹೋಗುತ್ತಾಳೆ, ದೆವ್ವ ಹಿಡಿಯುತ್ತದೆ. ಅವಳದೇನೂ ತಪ್ಪಿಲ್ಲ. ಗೇಮ್ ಕಥೆ ಹಾಗಲ್ಲ. ಅಲ್ಲಿ ಯಾರೋ ಸ್ಟಾರ್ಟ್ ಒತ್ತಿರುತ್ತಾರೆ. ಹೆದರಿಕೆ ಬರುವುದು ಆ ಗುಂಡಿ ಒತ್ತಿದ ಕೈಯಿಂದ. ‘ನಾನೇ ಶುರು ಮಾಡಿದ್ದು’ ಅನ್ನುವ ಭಾವ ಹದಿನೈದು ವರ್ಷದವರನ್ನು ಕಾಡುವಷ್ಟು ಯಾವ ದೆವ್ವವೂ ಕಾಡುವುದಿಲ್ಲ. ಕೆಳಗಿನ ಎಲ್ಲ ಹೆಜ್ಜೆಗಳೂ ಈ ನಂಬಿಕೆಯ ಮೇಲೆ ನಿಂತಿವೆ.

ಹೆಜ್ಜೆ 1: ದೆವ್ವಕ್ಕಿಂತ ಮೊದಲು ಒಂದು ಸಣ್ಣ ತಪ್ಪು ಹುಡುಕಿ

ದೆವ್ವ ಹೇಗಿರಬೇಕು ಅಂತ ಯೋಚಿಸುತ್ತಾ ಕೂರಬೇಡಿ. ನಿಮ್ಮ ಹುಡುಗ ಅಥವಾ ಹುಡುಗಿ ಯಾರಿಗೂ ಹೇಳದ ಒಂದು ಸಣ್ಣ ತಪ್ಪು ಯಾವುದು ಅಂತ ಬರೆದುಕೊಳ್ಳಿ. ಗೆಳತಿಯ ಪಾಸ್‌ವರ್ಡ್ ಕದ್ದು ನೋಡಿದ್ದು. ತಂಡ ಸೋತಾಗ ಬೇರೆಯವನ ಮೇಲೆ ಹಾಕಿದ್ದು. ಅಪ್ಪನ ಫೋನಿಂದ ಆಟಕ್ಕೆ ದುಡ್ಡು ಕಟ್ಟಿ, ಸುಮ್ಮನಿದ್ದು. ತಪ್ಪು ದೊಡ್ಡದಾಗಬಾರದು. ದೊಡ್ಡದಾದರೆ ಓದುಗರು ‘ನಾನು ಹಾಗೆ ಮಾಡಲ್ಲ’ ಅಂತ ದೂರ ಸರಿಯುತ್ತಾರೆ.

ಇದು ನಮ್ಮಲ್ಲಿ ಬಹಳ ಹಳೆಯ ಉಪಾಯ. ಮಹಾಭಾರತದ ನಳನ ಕಥೆ ನೆನಪಿಸಿಕೊಳ್ಳಿ. ಕಲಿ ಅವನೊಳಗೆ ಹೊಗಲು ಹನ್ನೆರಡನೇ ವರ್ಷದವರೆಗೆ ಕಾಯುತ್ತಾನೆ. ಒಂದು ದಿನ ನಳ ಕಾಲು ತೊಳೆಯದೆ ಸಂಧ್ಯಾವಂದನೆಗೆ ಕೂರುತ್ತಾನೆ. ಅಷ್ಟೇ ಸಾಕಾಯಿತು. ಕಲಿ ನಳನನ್ನು ಹಿಡಿಯುತ್ತಾನೆ, ಅವನ ಜೊತೆಗಾರ ದ್ವಾಪರ ದಾಳಗಳ ಒಳಗೆ ಸೇರಿಕೊಳ್ಳುತ್ತಾನೆ. ನಳ ಆಡುತ್ತಲೇ ಹೋಗುತ್ತಾನೆ, ಸೋಲುತ್ತಲೇ ಹೋಗುತ್ತಾನೆ. ದೆವ್ವ ಹೊಕ್ಕ ಆಟ, ನಿಲ್ಲಿಸಲಾಗದ ಆಟಗಾರ, ಬಾಗಿಲು ತೆರೆದ ಒಂದು ಸಣ್ಣ ತಪ್ಪು: ಮೂರೂ ಅಲ್ಲಿವೆ. ದಾಳದ ಜಾಗದಲ್ಲಿ ಜಾಯ್‌ಸ್ಟಿಕ್ ಇಟ್ಟರೆ ನಮ್ಮ ಕಥೆಯ ಬುನಾದಿ ಸಿದ್ಧ.

ನಮ್ಮ ಉದಾಹರಣೆಯ ಹುಡುಗಿಯ ಹೆಸರು ಸಿಂಚನ. ಹತ್ತನೇ ಕ್ಲಾಸು ಮುಗಿಸಿ ರಜೆಗೆ ಅಜ್ಜಿ ಮನೆಗೆ ಬಂದಿದ್ದಾಳೆ. ಒಂಬತ್ತು ವರ್ಷದ ತಮ್ಮ ಜೊತೆಗಿದ್ದಾನೆ. ಅವನಿಗೆ ವೈರ್ ಸಿಕ್ಕಿಸದ ಜಾಯ್‌ಸ್ಟಿಕ್ ಕೊಡುವುದು ಅವಳ ತಪ್ಪು. ಇಷ್ಟು ಸಣ್ಣದು ಸಾಕು.

ಹೆಜ್ಜೆ 2: ಯಂತ್ರವನ್ನು ಬಿಚ್ಚಿ ನೋಡಿ

ಹೆಚ್ಚಿನ ಕಥೆಗಳು ಸೋಲುವುದು ಇಲ್ಲೇ. ಬರೆಯುವವರು ‘ಅದೊಂದು ಶಾಪಗ್ರಸ್ತ ಆಟ’ ಅಂದುಬಿಡುತ್ತಾರೆ. ಆ ಆಟ ಹೇಗೆ ಕೆಲಸ ಮಾಡುತ್ತದೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಓದುವ ಮಕ್ಕಳಿಗೆ ಚೆನ್ನಾಗಿ ಗೊತ್ತಿರುತ್ತದೆ. ಅಲ್ಲಿಗೆ ನಂಬಿಕೆ ಹೋಯಿತು.

ಆಟದ ಯಂತ್ರ ತಿಳಿದರೆ ಹೆದರಿಕೆ ತಾನಾಗಿಯೇ ಸಿಗುತ್ತದೆ. ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದ 8 ಬಿಟ್ ಪೆಟ್ಟಿಗೆಗಳನ್ನೇ ತಗೊಳ್ಳಿ. ಅದರ ಮೇಲೆ ಸಿಕ್ಕಿಸುವುದನ್ನು ನಾವು ಕ್ಯಾಸೆಟ್ ಅಂತಲೇ ಕರೆಯುತ್ತಿದ್ದೆವು. ಆಟ ಬರದಿದ್ದರೆ ಕ್ಯಾಸೆಟ್ ಕಿತ್ತು, ಬಾಯಿಂದ ಉಫ್ ಅಂತ ಊದಿ, ಮತ್ತೆ ಸಿಕ್ಕಿಸುತ್ತಿದ್ದೆವು. ಕ್ಯಾಸೆಟ್ ಮೇಲೆ ‘9999 ಇನ್ 1’ ಅಂತ ಬರೆದಿರುತ್ತಿತ್ತು. ನಿಜಕ್ಕೂ ಇರುತ್ತಿದ್ದದ್ದು ಬೆರಳೆಣಿಕೆಯ ಆಟಗಳು. ಅವೇ ಆಟಗಳು ಬೇರೆ ಬೇರೆ ಲೆವೆಲ್‌ನಿಂದ ಶುರುವಾಗಿ, ಹೊಸ ನಂಬರ್ ಹಾಕಿಕೊಂಡು ಸಾಲಾಗಿ ಬರುತ್ತಿದ್ದವು. ಕೊನೆಯ ನಂಬರ್‌ವರೆಗೂ ಹೋಗಿ ನೋಡಿದವರು ಎಷ್ಟು ಜನ? 7431ನೇ ನಂಬರ್‌ನಲ್ಲಿ ಬೇರೆಲ್ಲೂ ಇಲ್ಲದ ಒಂದು ಆಟ ಇದ್ದರೆ? ಅಲ್ಲಿವರೆಗೆ ಗುಂಡಿ ಒತ್ತುತ್ತಾ ಹೋಗುವ ಹಟ ರಜೆಯಲ್ಲಿರುವ ಮಕ್ಕಳಿಗೆ ಮಾತ್ರ ಇರುತ್ತದೆ.

ಇನ್ನೊಂದು ವಿಷಯ. ಆ ಕ್ಯಾಸೆಟ್‌ಗಳಲ್ಲಿ ಸೇವ್ ಮಾಡುವ ಸೌಲಭ್ಯ ಇರುತ್ತಿರಲಿಲ್ಲ. ಪೆಟ್ಟಿಗೆ ಆಫ್ ಮಾಡಿದರೆ ಸ್ಕೋರ್ ಎಲ್ಲ ಅಳಿಸಿಹೋಗುತ್ತಿತ್ತು. ಹಾಗಿದ್ದ ಮೇಲೆ ಆನ್ ಮಾಡಿದಾಗ ನಿನ್ನೆಯ ಸ್ಕೋರ್ ಅಲ್ಲೇ ಇದ್ದರೆ, ಅದೂ ನಿನ್ನೆಗಿಂತ ಜಾಸ್ತಿ ಆಗಿದ್ದರೆ? ರಕ್ತ ಬೇಕಿಲ್ಲ, ಕಿರುಚಾಟ ಬೇಕಿಲ್ಲ. ಒಂದು ಸಂಖ್ಯೆ ಸಾಕು.

ಅದೇ ಪೆಟ್ಟಿಗೆಯ ಜೊತೆ ಬಾತುಕೋಳಿ ಹೊಡೆಯುವ ಬಂದೂಕು ಬರುತ್ತಿತ್ತು. ಬಂದೂಕಿನಿಂದ ಏನೋ ಹಾರಿ ಹೋಗುತ್ತದೆ ಅಂತ ಬಹಳ ಜನ ತಿಳಿದಿದ್ದರು. ಆ ಬಂದೂಕು ಹೊಡೆಯುವುದಿಲ್ಲ, ನೋಡುತ್ತದೆ. ಕುದುರೆ, ಅಂದರೆ ಟ್ರಿಗರ್, ಎಳೆದ ತಕ್ಷಣ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತದೆ, ಆಮೇಲೆ ಬಾತುಕೋಳಿ ಇರುವ ಜಾಗ ಮಾತ್ರ ಬೆಳ್ಳಗಾಗುತ್ತದೆ. ಬಂದೂಕಿನ ಮೂತಿಯಲ್ಲಿರುವ ಬೆಳಕಿನ ಕಣ್ಣಿಗೆ ಮೊದಲು ಕತ್ತಲು, ಆಮೇಲೆ ಬೆಳಕು ಕಂಡರೆ ಏಟು ಬಿತ್ತು ಅಂತ ಲೆಕ್ಕ. ಹಳೆಯ ಟ್ಯೂಬ್ ಟಿವಿಯಲ್ಲಿ ಮಾತ್ರ ಇದು ನಡೆಯುತ್ತಿತ್ತು. ಈಗ ಒಬ್ಬ ಹುಡುಗ ತಮಾಷೆಗೆ ಬಂದೂಕನ್ನು ಕೋಣೆಯ ಕತ್ತಲ ಮೂಲೆಗೆ ಹಿಡಿದು ಕುದುರೆ ಎಳೆಯುತ್ತಾನೆ. ಟಿವಿಯಲ್ಲಿ ಬಾತುಕೋಳಿ ಬೀಳುತ್ತದೆ. ಯಂತ್ರ ಗೊತ್ತಿದ್ದ ಓದುಗರಿಗೆ ಅದರ ಅರ್ಥ ಹೊಳೆಯುತ್ತದೆ. ಆ ಮೂಲೆಯಲ್ಲಿರುವುದು ಟಿವಿಯ ಜೊತೆಗೇ ಕಣ್ಣು ಮುಚ್ಚಿ ತೆರೆಯಿತು.

ಯಂತ್ರದ ಮಿತಿಯೇ ಹೆದರಿಕೆ ಆದ ನಿಜವಾದ ಉದಾಹರಣೆಗಳೂ ಇವೆ. 1980ರ ಪ್ಯಾಕ್‌ಮ್ಯಾನ್ ಆಟದಲ್ಲಿ ಲೆವೆಲ್ ಎಣಿಸಲು ಒಂದೇ ಬೈಟ್, ಅಂದರೆ 0ರಿಂದ 255ರವರೆಗೆ ಮಾತ್ರ ಎಣಿಸಬಲ್ಲ ಜಾಗ, ಇಟ್ಟಿದ್ದರು. 256ನೇ ಲೆವೆಲ್‌ಗೆ ಬಂದಾಗ ಆ ಲೆಕ್ಕ ತಪ್ಪಿ, ಪರದೆಯ ಬಲ ಅರ್ಧ ಪೂರ್ತಿ ಅಕ್ಷರ, ಅಂಕಿ, ಚೂರುಪಾರು ಚಿತ್ರಗಳಿಂದ ತುಂಬಿಹೋಗುತ್ತದೆ. ಎಡ ಅರ್ಧ ಮಾತ್ರ ಸರಿಯಾಗಿರುತ್ತದೆ. ಮುಂದೆ ದಾರಿ ಇಲ್ಲ. ತಯಾರಿಸಿದವರು ಬೇಕೆಂದು ಮಾಡಿದ್ದಲ್ಲ, ಆದರೂ ಲೋಕದ ಅಂಚಿಗೆ ಬಂದು ನಿಂತ ಹಾಗೆ ಕಾಣುತ್ತದೆ. 1999ರ ಹೆದರಿಕೆ ಆಟ ಸೈಲೆಂಟ್ ಹಿಲ್‌ನ ಮಂಜೂ ಹೀಗೇ. ಆಗಿನ ಆಟದ ಪೆಟ್ಟಿಗೆ ಪ್ಲೇಸ್ಟೇಷನ್‌ಗೆ ದೂರದ ಬೀದಿಗಳನ್ನೆಲ್ಲ ಒಟ್ಟಿಗೆ ಬಿಡಿಸುವ ಶಕ್ತಿ ಇರಲಿಲ್ಲ. ಅದನ್ನು ಮರೆಮಾಡಲು ಮಂಜು, ಕತ್ತಲೆ ಹಾಕಿದರು. ಜೇಬಿನಲ್ಲಿ ಒಂದು ರೇಡಿಯೋ ಕೊಟ್ಟರು. ವಿಕಾರ ಪ್ರಾಣಿ ಹತ್ತಿರ ಬಂದರೆ ಅದು ಗರಗರ ಅನ್ನುತ್ತದೆ. ಕಾಣುವ ಮೊದಲು ಕೇಳಿಸುತ್ತದೆ. ಈ ಒಂದು ಪಾಠವನ್ನು ನಾನು ಬರೆಯಲು ಕೂತಾಗಲೆಲ್ಲ ನೆನಪಿಸಿಕೊಳ್ಳುತ್ತೇನೆ.

ಮೊಬೈಲ್ ಆಟವೇ ಬೇಕು ಅನ್ನುವವರಿಗೆ ಒಂದು ಸುಳಿವು. ಪಬ್‌ಜಿ ಮೊಬೈಲ್ ನಮ್ಮ ದೇಶದಲ್ಲಿ 2020ರ ಸೆಪ್ಟೆಂಬರ್ 2ರಂದು ನಿಷೇಧವಾಯಿತು. ಅಕ್ಟೋಬರ್ 30ಕ್ಕೆ ಇಲ್ಲಿನ ಆಟಗಾರರಿಗೆ ಸರ್ವರ್ ಕೂಡ ಮುಚ್ಚಿತು. ಬೀರುವಿನಲ್ಲಿದ್ದ ಅಣ್ಣನ ಹಳೆಯ ಫೋನ್ ಚಾರ್ಜ್ ಮಾಡಿದಾಗ ಆ ಆಟ ತೆರೆದುಕೊಂಡು, ಲಾಬಿಯಲ್ಲಿ, ಅಂದರೆ ಆಟಕ್ಕೆ ಮೊದಲು ಕಾಯುವ ಜಾಗದಲ್ಲಿ, ಯಾರೋ ಒಬ್ಬನೇ ಕಾಯುತ್ತಿದ್ದರೆ ಏನಾಗಬಹುದು? ತಾರೀಕು ನಿಜವಾದದ್ದು. ಅದಕ್ಕೇ ಕಥೆ ಕಚ್ಚಿಕೊಳ್ಳುತ್ತದೆ.

ಹೆಜ್ಜೆ 3: ಮೂರು ನಿಯಮ ಬರೆಯಿರಿ, ಮುರಿಯಬೇಡಿ

ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲೂ ಸುತ್ತಮುತ್ತಲ ಊರುಗಳಲ್ಲೂ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿರುತ್ತಿದ್ದರು. ರಾತ್ರಿ ಒಂದು ದೆವ್ವ ಬರುತ್ತದೆ, ಮನೆಯವರ ದನಿಯಲ್ಲೇ ಕರೆಯುತ್ತದೆ, ಬಾಗಿಲು ತೆಗೆದರೆ ಮುಗಿಯಿತು ಅನ್ನುವ ಸುದ್ದಿ. ಬಾಗಿಲ ಮೇಲಿನ ಬರಹ ಓದಿಕೊಂಡು ಅದು ವಾಪಸ್ ಹೋಗುತ್ತದೆ. ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ.

ಆ ದೆವ್ವಕ್ಕೆ ಓದಲು ಬರುತ್ತದೆ. ಹೇಳಿದ್ದನ್ನು ಪಾಲಿಸುತ್ತದೆ. ಬಾಗಿಲು ಒಡೆಯುವ ಶಕ್ತಿ ಇದ್ದರೂ ಒಡೆಯುವುದಿಲ್ಲ. ನಿಯಮ ಪಾಲಿಸುವ ದೆವ್ವವೇ ಜಾಸ್ತಿ ಹೆದರಿಸುತ್ತದೆ. ಯಾಕೆಂದರೆ ನಿಯಮದಲ್ಲಿ ಒಂದು ಸಂದು ಸಿಕ್ಕಿದ ದಿನ ಅದು ಆ ಸಂದಿನಿಂದಲೇ ಬರುತ್ತದೆ. ಮಳೆಗೆ ಸೀಮೆಸುಣ್ಣ ಅಳಿಸಿಹೋದ ರಾತ್ರಿಯನ್ನು ಊಹಿಸಿಕೊಳ್ಳಿ.

ಆಟವೆಂದರೆ ನಿಯಮ. ಹಾಗಾಗಿ ಗೇಮ್ ಕಥೆಯ ದೆವ್ವ ನಿಯಮ ಮುರಿಯಬಾರದು. ಸಿಕ್ಕಾಪಟ್ಟೆ ನಿಯಮಗಳೂ ಬೇಡ. ಮೂರು ಸಾಕು. ಒಂದೊಂದೂ ಒಂದೇ ಸಾಲಿನಲ್ಲಿ ಹೇಳುವಂತಿರಬೇಕು. ಸಿಂಚನಳ ಕಥೆಗೆ ನಾನು ಇಟ್ಟುಕೊಂಡದ್ದು ಇವು:

ಪೆಟ್ಟಿಗೆ ಆಫ್ ಮಾಡಿದರೆ ಆಟದೊಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ.
ಔಟ್ ಆದವರು ಮುಂದಿನವರಿಗೆ ಜಾಯ್‌ಸ್ಟಿಕ್ ಕೊಡಬೇಕು.
ಸರದಿ ಇಲ್ಲದವರು ಸುಮ್ನೆ ಕೂತು ನೋಡಬೇಕು.

ಮೂರೂ ಮಕ್ಕಳು ದಿನಾ ಹೇಳುವ ಮಾತುಗಳೇ. ಮೊದಲ ಪುಟದಲ್ಲಿ ಇವನ್ನು ಜಗಳದ ನಡುವೆ ಹೇಳಿಸಿ: ‘ಔಟ್ ಆದ್ರೆ ಕೊಡ್ಬೇಕು ಅಂದಿದ್ದೆ ನೀನು!’ ಓದುಗರು ಗಮನಿಸದೆ ಮುಂದೆ ಹೋಗುತ್ತಾರೆ. ಹತ್ತು ಪುಟ ಆದ ಮೇಲೆ ಅದೇ ಮಾತು ಬೇರೆ ಯಾರೋ ಹೇಳಿದಾಗ ಕೈ ತಣ್ಣಗಾಗುತ್ತದೆ.

ಪರೀಕ್ಷೆ ಸುಲಭ. ಕಥೆಯ ಪ್ರತಿ ಹೆದರಿಕೆಯ ಘಟನೆಯ ಪಕ್ಕ ಅದು ಯಾವ ನಿಯಮದಿಂದ ಆಯಿತು ಅಂತ ನಂಬರ್ ಹಾಕಿ. ನಂಬರ್ ಹಾಕಲು ಆಗದ ಘಟನೆಯನ್ನು ತೆಗೆದುಬಿಡಿ, ಎಷ್ಟೇ ಚೆನ್ನಾಗಿದ್ದರೂ.

ಹೆಜ್ಜೆ 4: ‘ಆಫ್ ಮಾಡಬಹುದಿತ್ತಲ್ಲ?’

ಬೇಸಿಗೆ ಶಿಬಿರವೊಂದರಲ್ಲಿ ನನ್ನ ಹಳೆಯ ಕಥೆ ಓದಿದಾಗ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಮೊದಲು ಕೇಳಿದ ಪ್ರಶ್ನೆ ಇದು. ಉತ್ತರ ನನ್ನ ಹತ್ತಿರ ಇರಲಿಲ್ಲ. ಆ ಕಥೆಯನ್ನು ಮತ್ತೆ ಬರೆಯಬೇಕಾಯಿತು.

ಈ ಪ್ರಶ್ನೆಗೆ ಬರೆಯುವ ಮೊದಲೇ ಉತ್ತರ ಇಟ್ಟುಕೊಳ್ಳಿ. ‘ಸ್ವಿಚ್ ಕೆಲಸ ಮಾಡಲಿಲ್ಲ’ ಅನ್ನುವುದು ಉತ್ತರವಲ್ಲ. ಪ್ಲಗ್ ಕಿತ್ತರೂ ಟಿವಿ ಉರಿಯುತ್ತಿತ್ತು ಅಂತ ಬರೆದ ಕ್ಷಣ ದೆವ್ವ ಏನು ಬೇಕಾದರೂ ಮಾಡಬಹುದು ಅಂತಾಗುತ್ತದೆ, ನಿಯಮಕ್ಕೆ ಬೆಲೆ ಉಳಿಯುವುದಿಲ್ಲ. ಸ್ವಿಚ್ ಚೆನ್ನಾಗಿ ಕೆಲಸ ಮಾಡಲಿ. ಕೈಗೆ ಎಟುಕುವಷ್ಟು ಹತ್ತಿರವೂ ಇರಲಿ. ಒತ್ತಲು ಮಾತ್ರ ಮನಸ್ಸು ಬರಬಾರದು.

ಸಿಂಚನ ಬೆಳಿಗ್ಗೆ ಎದ್ದಾಗ ತಮ್ಮ ಟಿವಿ ಮುಂದೆ ಕೂತಿದ್ದಾನೆ. ರಾತ್ರಿ ಅವಳು ಮಲಗಿದ ಮೇಲೆ ಎದ್ದು, ಮೊದಲನೇ ಜಾಯ್‌ಸ್ಟಿಕ್ ಹಿಡಿದು ಆಡಿದ್ದಾನೆ, ಔಟ್ ಆಗಿದ್ದಾನೆ. ಈಗ ಕರೆದರೆ ಓಗೊಡುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ. ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಗೊಂಬೆ ಮಂಡಿ ಮಡಚಿ ಕೂತು ನೋಡುತ್ತಿದೆ. ಮೂರನೇ ನಿಯಮ. ಸ್ವಿಚ್ ಅವಳ ಬೆರಳ ತುದಿಯಲ್ಲೇ ಇದೆ. ಆದರೆ ಆಫ್ ಮಾಡಿದರೆ ಆಟದೊಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಮೊದಲನೇ ನಿಯಮ. ತಮ್ಮ ಈಗ ಎಲ್ಲಿದ್ದಾನೆ?

ಇನ್ನು ಹಳ್ಳಿ ಮನೆಯಲ್ಲಿ ಕರೆಂಟ್ ಹೋಗುವ ಭಯ. ಮೋಡ ಕಟ್ಟುತ್ತಿದೆ. ಮೂಲೆಯಲ್ಲಿರುವ ಯುಪಿಎಸ್ ಹಳೆಯದು. ಓದುಗರೇ ಲೆಕ್ಕ ಹಾಕಿಕೊಳ್ಳುತ್ತಾರೆ. 2014ರಲ್ಲಿ ಬಂದ ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್ ಆಟ ಇದೇ ಕೆಲಸ ಮಾಡಿತು. ರಾತ್ರಿ ಪಾಳಿಯ ಕಾವಲುಗಾರ, ಕ್ಯಾಮೆರಾ ನೋಡಿದರೂ ಬಾಗಿಲು ಹಾಕಿದರೂ ಕರೆಂಟ್ ಖರ್ಚು, ಮೂಲೆಯಲ್ಲಿ ಶೇಕಡಾವಾರು ಇಳಿಯುತ್ತಲೇ ಇರುತ್ತದೆ. ಕರೆಂಟ್ ಎಷ್ಟು ಉಳಿದಿದೆ ಅಂತ ನೋಡುತ್ತಾ ಬದುಕುವುದು ನಮ್ಮ ಮಕ್ಕಳಿಗೆ ಹೊಸತೇನಲ್ಲ.

ಹೆಜ್ಜೆ 5: ಮನೆ, ಅಟ್ಟ, ಸದ್ದು

ಪರದೆಯ ಹೊರಗಿನ ಜಾಗ ಗಟ್ಟಿಯಾಗಿರಬೇಕು. ನಿಮಗೆ ಗೊತ್ತಿರುವ ಮನೆಯನ್ನೇ ತಗೊಳ್ಳಿ. ನಾನು ತಿಪಟೂರು ಕಡೆಯ ಮನೆ ಆರಿಸಿಕೊಂಡೆ. ಕಾರಣ ಅಲ್ಲಿನ ಅಟ್ಟ. ಉಂಡೆ ಕೊಬ್ಬರಿ ಆಗಲು ಸಿಪ್ಪೆ ಸಮೇತ ತೆಂಗಿನಕಾಯಿಗಳನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತಾರೆ. ಒಳಗಿನ ನೀರು ನಿಧಾನಕ್ಕೆ ಆರುತ್ತದೆ. ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಆಮೇಲೆ ಕಾಯಿ ಅಲ್ಲಾಡಿಸಿದರೆ ಒಳಗೆ ಗುಡುಗುಡು ಅನ್ನುತ್ತದೆ. ಅಜ್ಜಿ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಆಗಿದೆ, ಆಗಿಲ್ಲ ಅಂತ ಹೇಳುತ್ತಾಳೆ.

ಸಾವಿರಾರು ಮುಚ್ಚಿದ ಚಿಪ್ಪುಗಳು, ಒಳಗೆ ಸಡಿಲವಾಗಿ ಏನೋ ಅಲ್ಲಾಡುತ್ತಿದೆ. ರಾತ್ರಿ ಅಟ್ಟದಲ್ಲಿ ಒಂದು ಕಾಯಿ ಉರುಳುವ ಸದ್ದು. ಇಲಿ ಇರಬಹುದು. ಕ್ಯಾಸೆಟ್ ಸಿಕ್ಕಿದ್ದೂ ಅಲ್ಲೇ, ಕಾಯಿಗಳ ಕೆಳಗೆ. 7431ನೇ ಆಟದಲ್ಲಿ ಕೇಳುವುದೂ ಅದೇ ಗುಡುಗುಡು, ಹಳೆಯ ಯಂತ್ರದ ಒರಟು ದನಿಯಲ್ಲಿ. ಇಂಥ ಒಂದು ಸದ್ದು ಆರಿಸಿಕೊಂಡು ಕಥೆಯಲ್ಲಿ ನಾಲ್ಕು ಸಲ ಮಾತ್ರ ಬಳಸಿ. ಮೊದಲ ಸಲ ಹಗಲಿನಲ್ಲಿ, ಅಜ್ಜಿಯ ಕೈಯಲ್ಲಿ, ಪೂರ್ತಿ ಮಾಮೂಲಿಯಾಗಿ.

ದೊಡ್ಡವರನ್ನು ದಡ್ಡರಾಗಿಸಬೇಡಿ. ಅಜ್ಜಿಗೆ ಏನೋ ಗೊತ್ತಿದೆ, ಹೇಳುತ್ತಿಲ್ಲ. ಅಮ್ಮನಿಗೆ ಒಬ್ಬ ತಮ್ಮ ಇದ್ದ, ಚಿಕ್ಕವನಾಗಿದ್ದಾಗಲೇ ಜ್ವರದಲ್ಲಿ ಹೋಗಿಬಿಟ್ಟ, ಮನೆಯಲ್ಲಿ ಅವನ ಫೋಟೋ ಇಲ್ಲ. ಹೇಳದೆ ಉಳಿದ ನೋವು ನಮ್ಮ ಎಲ್ಲ ಮನೆಗಳಲ್ಲೂ ಇರುತ್ತದೆ. ಮಕ್ಕಳು ಅದನ್ನು ಮೂಸಿ ನೋಡಿಯೇ ಕಂಡುಹಿಡಿಯುತ್ತಾರೆ.

ಹೆಜ್ಜೆ 6: ಪರದೆಯ ಮೇಲಿನದ್ದನ್ನು ಬರೆಯುವುದು

ಆಟ ಆಡುವುದು ಮಜಾ. ಬೇರೆಯವರು ಆಡುವುದನ್ನು ಓದುವುದು ಬೇಜಾರು. ಹಾಗಾಗಿ ಆಟದ ವಿವರ ಕಮ್ಮಿ ಮಾಡಿ, ಕೈ ಮತ್ತು ಕೋಣೆಯ ವಿವರ ಜಾಸ್ತಿ ಮಾಡಿ. ನನ್ನ ಮೊದಲ ಕರಡಿನಲ್ಲಿ ಹೀಗಿತ್ತು:

‘ಸಿಂಚನಳಿಗೆ ತುಂಬಾ ಭಯವಾಯಿತು. ಎದೆ ಡವಡವ ಹೊಡೆದುಕೊಂಡಿತು. ಪರದೆಯ ಮೇಲೆ ಎರಡನೇ ಗೊಂಬೆ ಭಯಾನಕವಾಗಿ ಚಲಿಸತೊಡಗಿತು.’

ಇದರಲ್ಲಿ ಭಯ ಅನ್ನುವ ಮಾತಿದೆ, ಭಯ ಇಲ್ಲ. ತಿದ್ದಿದ ಮೇಲೆ:

ನೀಲಿ ಗೊಂಬೆ ಎರಡು ಹೆಜ್ಜೆ ಮುಂದೆ ಹೋಗಿ ನಿಂತಿತು. ಆಮೇಲೆ ಒಂದು ಹೆಜ್ಜೆ ಹಿಂದೆ.
‘ವೈರ್ ಸಿಕ್ಕಿಸಿದ್ಯೇನೋ?’ ಅಂದಳು ಸಿಂಚನ, ಪರದೆಯಿಂದ ಕಣ್ಣು ತೆಗೆಯದೆ.
ಉತ್ತರ ಬರಲಿಲ್ಲ. ತಿರುಗಿ ನೋಡಿದಳು. ತಮ್ಮ ಚಾಪೆಯ ಮೇಲೆ ನಿದ್ದೆ ಹೋಗಿದ್ದ. ಜಾಯ್‌ಸ್ಟಿಕ್ ಅವನ ಹೊಟ್ಟೆಯ ಮೇಲಿತ್ತು. ಅದರ ವೈರ್ ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ ಹಾಗೇ ಇತ್ತು.
ನೀಲಿ ಗೊಂಬೆ ನೆಗೆಯಿತು.

ಎರಡನೆಯದರಲ್ಲಿ ಹೆದರಿಕೆ ಅನ್ನುವ ಪದವೇ ಇಲ್ಲ. ರಬ್ಬರ್ ಬ್ಯಾಂಡ್ ಇದೆ. ಯಾರೂ ಬರೆಯದಿದ್ದರೂ ಸರಿ ಅನ್ನಿಸುವ ಇಂಥ ಒಂದು ವಸ್ತು ಪ್ರತಿ ದೃಶ್ಯಕ್ಕೂ ಬೇಕು. ಸಾಲುಗಳು ಚಿಕ್ಕದಾಗುತ್ತಾ ಹೋಗಲಿ. ಕೊನೆಯ ಸಾಲು ಎರಡು ಮೂರು ಪದದ್ದಿರಲಿ, ಅದು ಒಂಟಿಯಾಗಿ ನಿಲ್ಲಲಿ. ಪ್ರತಿ ಪುಟದಲ್ಲೂ ಈ ಉಪಾಯ ಮಾಡಬೇಡಿ. ಕಥೆಗೆ ಮೂರು ಸಲ ಸಾಕು.

ಮಾತಿನ ವಿಷಯ. ಮಕ್ಕಳು ಆಡುವ ಪದಗಳನ್ನೇ ಬಳಸಿ: ಲೆವೆಲ್, ಲೈಫ್, ಔಟ್, ಸ್ಕೋರ್, ಲ್ಯಾಗ್. ‘ಜೀವಾವಧಿ ಮುಗಿಯಿತು’ ಅಂತ ಯಾರೂ ಅನ್ನಲ್ಲ. ‘ಲೈಫ್ ಹೋಯ್ತು’ ಅಂತಾರೆ. ಊರಿಗೆ ತಕ್ಕ ಹಾಗೆ ಮಾತು ಬದಲಾಗಲಿ. ತಿಪಟೂರಿನ ತಮ್ಮ ‘ನಾನಲ್ಲ ಕಣಕ್ಕ’ ಅಂತಾನೆ. ಧಾರವಾಡದವನಾದರೆ ‘ನಾ ಅಲ್ಲಬೇ ಅಕ್ಕಾ’ ಅಂದಾನು. ನಿಮ್ಮ ಕಿವಿಗೆ ಬಿದ್ದಿಲ್ಲದ ಕಡೆಯ ಮಾತನ್ನು ಬರೆಯಲು ಹೋಗಬೇಡಿ. ಈಗಿನ ಮಕ್ಕಳ ಹೊಸ ಪದಗಳನ್ನೂ ತುರುಕಬೇಡಿ, ವರ್ಷದೊಳಗೆ ಹಳಸುತ್ತವೆ.

ಹೆಜ್ಜೆ 7: ಏರಿಕೆ

ಮೂರು ಸಾವಿರ ಪದದ ಕಥೆ ಅಂದುಕೊಳ್ಳಿ. ಮೊದಲ ಆರುನೂರು ಪದ ಹೆದರಿಕೆಯೇ ಬೇಡ. ರಜೆ, ಅಜ್ಜಿ, ಜಗಳ, ವೈರಿನ ಮೋಸ. ಆಮೇಲೆ ಒಂದು ವಿಚಿತ್ರ ಸಂಗತಿ, ಅದಕ್ಕೊಂದು ಸುಲಭದ ವಿವರಣೆ. ಇನ್ನೊಂದು ವಿಚಿತ್ರ, ವಿವರಣೆ ಸ್ವಲ್ಪ ಕಷ್ಟ. ಮೂರನೆಯದಕ್ಕೆ ವಿವರಣೆ ಇಲ್ಲ.

ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರುವುದು ಆಟಗಳಿಂದ ಕಲಿಯಬೇಕಾದ ಪಾಠ. 2014ರಲ್ಲಿ ಪಿ.ಟಿ. ಅನ್ನುವ ಪುಟ್ಟ ಆಟ ಬಂತು. ಮರುವರ್ಷ ಅದನ್ನು ಆನ್‌ಲೈನ್ ಅಂಗಡಿಯಿಂದ ತೆಗೆದೂಬಿಟ್ಟರು. ಅದರಲ್ಲಿ ಇದ್ದದ್ದು ಒಂದು ಮನೆಯೊಳಗಿನ ಒಂದು ಓಣಿ. ಕೊನೆಯ ಬಾಗಿಲು ತೆಗೆದರೆ ಮತ್ತೆ ಅದೇ ಓಣಿ. ಪ್ರತಿ ಸುತ್ತಿನಲ್ಲೂ ಏನೋ ಒಂದು ಬದಲಾಗಿರುತ್ತದೆ. ಹೊಸ ಜಾಗ ತೋರಿಸದೆ ಗೊತ್ತಿರುವ ಜಾಗವನ್ನೇ ಕೆಡಿಸುತ್ತಾ ಹೋಗುವುದು ಖರ್ಚಿಲ್ಲದ ಉಪಾಯ, ಚಿಕ್ಕ ಕಥೆಗೆ ಹೇಳಿ ಮಾಡಿಸಿದ್ದು. ನಮ್ಮ ಕಥೆಯಲ್ಲಿ 7431ನೇ ಆಟ ಅಜ್ಜಿ ಮನೆಯನ್ನೇ ತೋರಿಸುತ್ತದೆ. ಮೊದಲ ಸಲ ಏಣಿ ಗೋಡೆಗೆ ಒರಗಿದೆ. ಎರಡನೇ ಸಲ ಅಟ್ಟಕ್ಕೆ ಹಾಕಿದೆ. ಸಿಂಚನ ಎದ್ದು ಹೋಗಿ ನಡುಮನೆಯಲ್ಲಿ ನೋಡುತ್ತಾಳೆ.

ಹೆಜ್ಜೆ 8: ದಾಟಬಾರದ ಗೆರೆ

ಓದುವವರು ಮಕ್ಕಳು. ಇದನ್ನು ಗಂಭೀರವಾಗಿ ಹೇಳುತ್ತಿದ್ದೇನೆ.

2017ರಲ್ಲಿ, ಮಕ್ಕಳಿಗೆ ಸವಾಲು ಹಾಕಿ ಕೊನೆಗೆ ಸಾಯಿಸುತ್ತದೆ ಅಂತ ಸುದ್ದಿಯಾದ ಬ್ಲೂ ವೇಲ್ ಅನ್ನುವ ಆಟದ ಹೆಸರು ದೇಶದ ಎಲ್ಲ ಮನೆಗಳಿಗೂ ಬಂತು. ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಅದರ ಲಿಂಕ್‌ಗಳನ್ನು ತೆಗೆಯಲು ಕಂಪನಿಗಳಿಗೆ ಹೇಳಿತು. ಅಪ್ಪ ಅಮ್ಮಂದಿರು ನಡುಗಿಹೋದರು. ಆಟ ಮಕ್ಕಳನ್ನು ಸಾಯಿಸುತ್ತದೆ ಅನ್ನುವ ಸುದ್ದಿಗೆ ಎಂಥ ಬಲ ಇದೆ ಅಂತ ಆವತ್ತು ನೋಡಿದ್ದೇವೆ. ಆದ್ದರಿಂದ ಸ್ವಂತ ಮೈಗೆ ಹಾನಿ ಮಾಡಿಕೊಳ್ಳುವಂತೆ ಆಟ ಹೇಳುವ ಕಥೆ ಬರೆಯಬೇಡಿ. ಸಾಯುವ ವಿಧಾನ ಎಂದೂ ವಿವರಿಸಬೇಡಿ. ಪತ್ರಿಕೆಯಲ್ಲಿ ಬಂದ ನಿಜವಾದ ಮಗುವಿನ ಸಾವನ್ನು ಕಥೆ ಮಾಡಬೇಡಿ, ಆ ಮನೆಯವರು ಇನ್ನೂ ಬದುಕಿದ್ದಾರೆ.

ಕರಾವಳಿಯ ದೈವಗಳನ್ನು ಆಟದ ರಾಕ್ಷಸರನ್ನಾಗಿ ಮಾಡುವುದೂ ಬೇಡ. ಜನ ಇವತ್ತಿಗೂ ನಡೆದುಕೊಳ್ಳುವ ನಂಬಿಕೆ ಅದು.

ಇನ್ನೊಂದು ಗೆರೆ ಉಪದೇಶದ್ದು. ‘ಮೊಬೈಲ್ ಜಾಸ್ತಿ ನೋಡಿದ್ದಕ್ಕೆ ಹೀಗಾಯಿತು’ ಅನ್ನುವ ಕಥೆಯನ್ನು ಮಕ್ಕಳು ಎರಡನೇ ಪ್ಯಾರಾದಲ್ಲೇ ಬಿಟ್ಟೇಳುತ್ತಾರೆ. ನಮ್ಮ ಕಥೆಯಲ್ಲಿ ತಪ್ಪು ಆಟದ್ದಲ್ಲ. ತಮ್ಮನಿಗೆ ಸರದಿ ಕೊಡದೇ ಇದ್ದದ್ದು ತಪ್ಪು. ಆಟವನ್ನು ಪ್ರೀತಿಸುವವರು ಬರೆದ ಹಾಗೆ ಕಥೆ ಇರಬೇಕು.

ನಿಜವಾದ ಆಟದ ಹೆಸರು ಹಾಕಿ ಅದರಲ್ಲಿ ಶಾಪ ಇದೆ ಅಂತಲೂ ಬರೆಯಬೇಡಿ. 1996ರ ಪೋಕೆಮಾನ್ ಆಟದ ಲ್ಯಾವೆಂಡರ್ ಟೌನ್ ಅನ್ನುವ ಊರಿನ ಸಂಗೀತ ಕೇಳಿ ಜಪಾನಿನ ಮಕ್ಕಳು ಸತ್ತರು ಅನ್ನುವ ಕಟ್ಟುಕಥೆಯನ್ನು ಇವತ್ತಿಗೂ ನಿಜ ಅಂತ ನಂಬುವವರಿದ್ದಾರೆ. ಸ್ವಂತ ಆಟ ಕಟ್ಟಿ. ಅದೇ ಜಾಸ್ತಿ ಮಜಾ ಕೂಡ.

ಹೆಜ್ಜೆ 9: ಕೊನೆಯನ್ನು ಕೊನೆಯ ಮಾತಿನಿಂದ ಕಟ್ಟಿ

ಎಲ್ಲ ಕನಸಾಗಿತ್ತು ಅನ್ನಬೇಡಿ. ಕ್ಯಾಸೆಟ್ ಸುಟ್ಟು ಹಾಕಿದರು, ಎಲ್ಲ ಸರಿಹೋಯಿತು ಅಂತಲೂ ಬೇಡ. ಮೊದಲ ಹೆಜ್ಜೆಯಲ್ಲಿ ಬರೆದ ಸಣ್ಣ ತಪ್ಪಿನ ಹತ್ತಿರ ವಾಪಸ್ ಬನ್ನಿ. ನಿಯಮಗಳ ಒಳಗೇ ದಾರಿ ಹುಡುಕಿ. ಅದಕ್ಕೊಂದು ಬೆಲೆ ಇರಲಿ.

ಸಿಂಚನ ಜಾಯ್‌ಸ್ಟಿಕ್ ಹಿಡಿದು ಆಟಕ್ಕೆ ಇಳಿಯುತ್ತಾಳೆ. ನೀಲಿ ಗೊಂಬೆ ಕಾಯುತ್ತಿರುತ್ತದೆ. ಗೆಲ್ಲಲು ಆಗುವುದಿಲ್ಲ ಅಂತ ಗೊತ್ತಾಗುತ್ತದೆ. ಆಗ ಎರಡನೇ ನಿಯಮ ನೆನಪಾಗುತ್ತದೆ: ಔಟ್ ಆದವರು ಮುಂದಿನವರಿಗೆ ಕೊಡಬೇಕು. ಮುಂದಿನ ಸರದಿ ತಮ್ಮನದು. ಬೇಕೆಂದೇ ಹಳ್ಳಕ್ಕೆ ಹಾರುತ್ತಾಳೆ. ವೈರ್ ಸಿಕ್ಕಿಸಿರುವ ಜಾಯ್‌ಸ್ಟಿಕ್ಕನ್ನು ಮೊದಲ ಸಲ ಅವನ ಕೈಗೆ ಇಡುತ್ತಾಳೆ. ಅವನು ಕಣ್ಣು ಮಿಟುಕಿಸುತ್ತಾನೆ. ‘ಅಕ್ಕಾ, ನನ್ ಸರದಿನಾ?’ ಅಂತಾನೆ. ಅವಳಿಗೆ ತಲೆ ಆಡಿಸಲು ಆಗುವುದಿಲ್ಲ. ಈಗ ಅವಳು ಕೂತು ನೋಡಬೇಕು, ನೀಲಿ ಗೊಂಬೆ ಔಟ್ ಆಗುವವರೆಗೆ.

ಅಷ್ಟರಲ್ಲಿ ಅಮ್ಮನ ಫೋನ್ ಬರುತ್ತದೆ. ಅಜ್ಜಿ ಸ್ಪೀಕರ್ ಹಾಕುತ್ತಾಳೆ. ಕ್ಯಾಸೆಟ್ ಸಿಕ್ಕಿದ ಸುದ್ದಿ ಕೇಳಿ ಅಮ್ಮ ತುಂಬಾ ಹೊತ್ತು ಮಾತಾಡುವುದಿಲ್ಲ. ಆಮೇಲೆ ಇಷ್ಟೇ ಹೇಳುತ್ತಾಳೆ: ‘ಅವನು ಯ‍ಾವತ್ತೂ ಔಟ್ ಆಗ್ತಿರ್ಲಿಲ್ಲ ಕಣಮ್ಮ. ಅದಕ್ಕೇ ನಾನು ವೈರ್ ಕೀಳ್ತಿದ್ದೆ.’

ಈ ಸಾಲು ನನಗೆ ಮೊದಲೇ ಹೊಳೆದದ್ದಲ್ಲ. ಮೂರು ನಿಯಮಗಳನ್ನು ಗೋಡೆಗೆ ಅಂಟಿಸಿಕೊಂಡು, ಅಮ್ಮನೂ ಒಂದು ಕಾಲದಲ್ಲಿ ಅಕ್ಕ ಆಗಿದ್ದಳು ಅಂತ ನೆನಪಾದಾಗ ಸಿಕ್ಕಿತು. ಕೊನೆ ಸಿಗದಿದ್ದರೆ ನೀವೂ ಹಾಗೇ ಮಾಡಿ. ಹೊಸ ಪಾತ್ರ ತರಬೇಡಿ. ಇರುವವರಲ್ಲೇ ಯಾರು ಇನ್ನೂ ಬಾಯಿ ಬಿಟ್ಟಿಲ್ಲ ಅಂತ ನೋಡಿ.

ಹೆಜ್ಜೆ 10: ಓದಿ ಹೇಳಿ

ಬರೆದದ್ದನ್ನು ಎರಡು ದಿನ ಮುಟ್ಟಬೇಡಿ. ಆಮೇಲೆ ಜೋರಾಗಿ ಓದಿ. ಉಸಿರು ಕಟ್ಟುವ ವಾಕ್ಯಗಳನ್ನು ಎರಡಾಗಿ ಮಾಡಿ. ‘ಭಯಾನಕ’, ‘ಭೀಕರ’, ‘ಇದ್ದಕ್ಕಿದ್ದಂತೆ’ ಎಲ್ಲೆಲ್ಲಿವೆ ಅಂತ ಹುಡುಕಿ ಅಳಿಸಿ.

ಕೊನೆಗೆ ಹದಿನಾಲ್ಕು ವರ್ಷದ ಯಾರಿಗಾದರೂ ಓದಲು ಕೊಡಿ. ಚೆನ್ನಾಗಿದೆಯಾ ಅಂತ ಕೇಳಬೇಡಿ, ಮುಲಾಜಿಗೆ ಹೂಂ ಅಂತಾರೆ. ಎದುರಿಗೆ ಕೂತು ಅವರ ಕೈ ನೋಡುತ್ತಿರಿ. ಎಲ್ಲಿ ಫೋನ್ ಕಡೆ ಹೋಯಿತೋ ಆ ಪ್ಯಾರಾ ಪಕ್ಕ ಗುರುತು ಹಾಕಿಕೊಳ್ಳಿ. ನನ್ನ ಅಕ್ಕನ ಮಗಳಿಗೆ ಈ ಕಥೆ ಕೊಟ್ಟಾಗ ಎರಡು ಕಡೆ ಕೈ ಫೋನಿಗೆ ಹೋಯಿತು. ಎರಡನ್ನೂ ತೆಗೆದೆ. ರಬ್ಬರ್ ಬ್ಯಾಂಡಿನ ಸಾಲಿಗೆ ಬಂದಾಗ ಅವಳು ಓದುವುದನ್ನು ನಿಲ್ಲಿಸಿ, ಒಳಗಿನ ಕೋಣೆಯಲ್ಲಿ ಆಡುತ್ತಿದ್ದ ತಮ್ಮನನ್ನು ಹೆಸರು ಹಿಡಿದು ಕರೆದಳು. ಅವನು ‘ಏನಕ್ಕಾ’ ಅಂದ ಮೇಲೆ ಮುಂದಿನ ಸಾಲು ಓದಿದಳು.